ಮಾವನಿಗೊಂದು ಹಗುರವಾದ ಕುರ್ಚಿ

ಆ ಬೀದಿಗೆ ಹೋಗಿ ಬಡಗಿಯ ಮನೆ ಯಾವುದು ಅಂತ ಕೇಳಿದರೆ ಜನ ತಲೆ ಕೆರೆದುಕೊಂಡಾರು. ಆನೆಕುರ್ಚಿಯ ಮನೆ ಅನ್ನಿ, ಮಲಗಿದ್ದವರೂ ಎದ್ದು ಬಂದು ತೋರಿಸುತ್ತಾರೆ. ಅವನು ಮಾಡಿದ ಕುರ್ಚಿಯ ಮೇಲೆ ಆನೆ ಕೂತರೂ ಅದು ಜಪ್ಪಯ್ಯ ಅನ್ನುವುದಿಲ್ಲ ಅಂತ ಬಡಗಿಗೇ ಆ ಹೆಸರು. ಒಂದೊಂದು ಕಾಲೂ ಕಂಬದಂತೆ, ಬೆನ್ನಿನ ಹಲಗೆ ಗೋಡೆಯಂತೆ. ಎತ್ತಲಿಕ್ಕೆ ಇಬ್ಬರು ಬೇಕು, ಅದೂ ಹೊಟ್ಟೆ ತುಂಬ ಉಂಡು ಬಂದವರು. ಪಕ್ಕದ ಮಳಿಗೆಯಲ್ಲಿ ಅವನ ಕುರ್ಚಿಗಳಿಗೆ ಮೆರುಗು ಹಚ್ಚುವ ಪಾಲಿಶಿನವನು ಗಿರಾಕಿಗಳ ಎದುರಿಗೇ ಹೇಳುತ್ತಿದ್ದ: "ಯೋಚನೆ ಮಾಡಿ ತಗೊಳ್ಳಿ ಸ್ವಾಮಿ. ಇವನ ಕುರ್ಚಿ ಒಂದು ಸಲ ಒಳಗಿಟ್ರೆ ಮುಗೀತು. ಆಮೇಲೆ ಮನೆ ಬೇಕಾದ್ರೆ ಸರಿಸ್ಬೋದು, ಕುರ್ಚಿ ಸರಿಸೋಕಾಗಲ್ಲ."

ಆನೆಕುರ್ಚಿ ಈ ಮಾತಿಗೆ ನಗುತ್ತಿರಲಿಲ್ಲ. ನಗು ಅಂದರೆ ಅವನಿಗೆ ಒಂದು ಹಳೆಯ ಗಾಯ.

ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯ ತವರಿಗೆ ಅಂತ ಒಂದು ಕುರ್ಚಿ ಮಾಡಿದ್ದ. ತೆಳ್ಳಗಿನ ಕಾಲು, ಬೆನ್ನಿನ ಮೇಲೆ ಎಲೆ ಬಳ್ಳಿಯ ಕೆತ್ತನೆ. ನೆಂಟರೆಲ್ಲ ಸುತ್ತ ಸೇರಿ ನೋಡುತ್ತಿದ್ದಾಗ ಮಾವ ಬಂದು ಕೂತರು. ಮಾವ ಧಾನ್ಯದ ದೊಡ್ಡ ಅಂಗಡಿಯಲ್ಲಿ ತೂಕ ಮಾಡುವವರು. ಆಳೂ ಚೀಲದಷ್ಟೇ ಭಾರ. ಕುರ್ಚಿ ಒಮ್ಮೆ ಕಿರ್ರೆಂದಿತು. ಮರುಗಳಿಗೆ ಹಿಂದಿನ ಕಾಲೆರಡೂ ಚಟಾರನೆ ಮುರಿದು ಮಾವ ಅಂಗಾತ. ಬಿದ್ದಲ್ಲಿಂದಲೇ ಅವರು ಹೊಟ್ಟೆ ಕುಣಿಸಿ ನಕ್ಕರು. "ನಮ್ಮ ಅಳಿಯಂದ್ರು ಮಾಡಿದ್ದು ನೋಡೋ ಕುರ್ಚಿ ಕಣ್ರೋ, ಕೂರೋ ಕುರ್ಚಿ ಅಲ್ಲ!" ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಬಾಯಿ ನಗುತ್ತಿತ್ತು, ಕಿವಿ ಮಾತ್ರ ಕೆಂಡವಾಗಿತ್ತು.

ಮನುಷ್ಯನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುವುದು ಯಾವುದು ಅಂತ ಕೇಳಿದರೆ ಕೆಲವರು ಹೊಟ್ಟೆ ಅಂದಾರು, ಕೆಲವರು ಮಕ್ಕಳು ಮರಿ ಅಂದಾರು. ಇವನನ್ನು ಎಬ್ಬಿಸುತ್ತಿದ್ದುದು ಆ ನಗು. ಉಳಿ ಕೈಗೆತ್ತಿಕೊಂಡರೆ ಸಾಕು, ಒಳಗೆ ಅದು ಶುರುವಾಗುತ್ತಿತ್ತು. ಶುರುವಾದ ಕೂಡಲೇ ತೋಳಿಗೆ ಬಲ ಬರುತ್ತಿತ್ತು. ಮಾಡಿ ಮುಗಿಸಿದ ಪ್ರತಿ ಕುರ್ಚಿಯ ಮೇಲೂ ತಾನೇ ಹತ್ತಿ ಕುಣಿಯುತ್ತಿದ್ದ. ಎಲ್ಲಿಯಾದರೂ ಕಿರ್ ಅಂದರೆ ಪೂರ್ತಿ ಬಿಚ್ಚಿ, ಇನ್ನೂ ದಪ್ಪ ಮರ ಹಾಕಿ ಮತ್ತೆ ಕೂಡಿಸುತ್ತಿದ್ದ. ಸಿಟ್ಟು ಒಳ್ಳೆಯದಲ್ಲ ಅಂತ ಹೆಂಡತಿ ಅಂದರೆ, "ಆ ಸಿಟ್ಟೇ ಕಣೇ ನಮಗೆ ಅನ್ನ ಹಾಕ್ತಿರೋದು" ಅನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ತಲೆಕೂದಲು ಬೆಳ್ಳಗಾದರೂ ಆ ಒಲೆ ಆರಿರಲಿಲ್ಲ.

ಹೀಗಿರುವಾಗ ಅತ್ತೆ ತೀರಿಕೊಂಡರು. ಮಾವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ಹೆಂಡತಿ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು. ಬಂದವರನ್ನು ನೋಡಿ ಆನೆಕುರ್ಚಿ ಬಾಗಿಲಲ್ಲೇ ನಿಂತುಬಿಟ್ಟ. ಚೀಲದಂತಿದ್ದ ಆಳು ಈಗ ಕಾಳು ಸುರಿದ ಮೇಲಿನ ಚೀಲ. ಆದರೂ ಅವನೊಳಗಿನ ಹಠ ಎದ್ದು ಕೂತಿತು. ನನ್ನ ಕುರ್ಚಿಯಲ್ಲಿ ಕೂತು, ಇದು ಕೂರೋ ಕುರ್ಚಿ ಅಂತ ಇವರೇ ತಮ್ಮ ಬಾಯಾರೆ ಹೇಳಬೇಕು. ಗಟ್ಟಿ ಮರ ಆರಿಸಿ ತಂದು, ಹಿಂದೆಂದೂ ಮಾಡದಂಥ ಕುರ್ಚಿ ಮಾಡಿದ. ಪಾಲಿಶಿನವನೂ ಅವನೂ ಏದುಸಿರು ಬಿಡುತ್ತ ಅದನ್ನು ನಡುಮನೆಗೆ ಹೊತ್ತು ತಂದರು.

ಮಾವ ಕೂತರು. ಕೈ ಸವರಿ ನೋಡಿದರು. "ಗಟ್ಟಿಯಾಗಿದೆ" ಅಂದರು. ಅಷ್ಟೇ. ಅವನು ಇನ್ನೊಂದು ಮಾತಿಗೆ ಕಾದ, ಮಾರನೆಯ ದಿನ ಕಾದ, ವಾರ ಕಾದ. ಬರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಹೊಸಿಲಲ್ಲೇ ತಡೆದು ನಿಂತ. ಕಿಟಕಿಯ ಬಿಸಿಲು ಕುರ್ಚಿಯನ್ನು ಬಿಟ್ಟು ಆಚೆ ಸರಿದಿತ್ತು. ಮಾವ ಎದ್ದು ನಿಂತು ಎರಡೂ ಕೈಯಿಂದ ಕುರ್ಚಿಯನ್ನು ಬಿಸಿಲಿನ ಕಡೆ ನೂಕುತ್ತಿದ್ದರು. ಕತ್ತಿನ ನರ ಉಬ್ಬಿತ್ತು, ಕುರ್ಚಿ ಕೂದಲೆಳೆಯಷ್ಟೂ ಕದಲಲಿಲ್ಲ. ಯಾರಾದರೂ ನೋಡಿದರೇನೋ ಅಂತ ಅತ್ತಿತ್ತ ಕಣ್ಣು ಹಾಯಿಸಿ, ಮೆತ್ತಗೆ ನೆರಳಿನಲ್ಲೇ ಕೂತುಬಿಟ್ಟರು.

ಅಡುಗೆಮನೆಯಲ್ಲಿ ಹೆಂಡತಿ ಪಿಸುಗುಟ್ಟಿದಳು, "ದಿನಾ ಇದೇ ಕಥೆ. ಕರೀರಿ ಅಪ್ಪ, ನಾನು ಸರಿಸ್ತೀನಿ ಅಂದ್ರೆ, ಕೂರೋ ಜಾಗಕ್ಕೂ ಇನ್ನೊಬ್ಬರ ಕೈ ಕಾಯೋ ಹಾಗಾಯ್ತಾ ಅಂತಾರೆ. ಸರಿಸೋಕೆ ನನಗೆ ಮಾತ್ರ ಎಲ್ಲಿ ಆಗುತ್ತೆ!"

ಅವನು ಅರ್ಧ ಊಟಕ್ಕೇ ಎದ್ದ. ಕೈ ತೊಳೆದು ಬಂದು, ಇಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟ.

"ಮಾವ, ಆವತ್ತು ನಿಮ್ಮನೇಲಿ ಕುರ್ಚಿ ಮುರೀತಲ್ಲ, ನೆನಪಿದೆಯಾ?"

ಮಾವ ಕಣ್ಣು ಕಿರಿದು ಮಾಡಿ ಯೋಚಿಸಿದರು. ಮುಖ ಅರಳಿತು. "ಅಯ್ಯೋ, ಮರೆಯೋದುಂಟಾ ಅಳಿಯಂದ್ರೇ! ಎಂಥಾ ನಗು! ನಿಮ್ಮತ್ತೆ ಎಷ್ಟೋ ದಿನ ನೆನೆಸ್ಕೊಂಡು ನೆನೆಸ್ಕೊಂಡು ನಗ್ತಿದ್ಲು. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀವೇ ಅಲ್ವಾ? ಅಳಿಯ ಅಂದ್ರೆ ಹೀಗಿರಬೇಕು, ಬಿಗುಮಾನ ಇಲ್ಲದ ಮನುಷ್ಯ ಅಂತ ಆವತ್ತೇ ಅಂದ್ಕೊಂಡೆ."

ಬೆಣೆ ಕಳಚಿದ ಕೀಲಿನಂತೆ ಆನೆಕುರ್ಚಿಯ ಒಳಗೇನೋ ಸಡಿಲವಾಯಿತು.

ಮಳಿಗೆಗೆ ಹೋಗಿ ಉಳಿ ಹಿಡಿದರೆ ಆ ನಗು ಬರಲಿಲ್ಲ. ಬಂದರೂ ಅದರಲ್ಲಿ ಮುಳ್ಳಿರಲಿಲ್ಲ, ಅತ್ತೆಯ ಮುಖವಿತ್ತು. ಉಳಿ ಕೆಳಗಿಟ್ಟ. ಸಿಟ್ಟಿಲ್ಲದೆ ಕೆಲಸ ಶುರು ಮಾಡುವುದು ಹೇಗೆ ಅಂತಲೇ ಅವನಿಗೆ ತಿಳಿಯದು. ಸಂಜೆಯವರೆಗೆ ಸುಮ್ಮನೆ ಕೂತಿದ್ದು, ಕೊನೆಗೆ ಹಗುರ ಮರದ ಒಂದು ತುಂಡು ಎತ್ತಿಕೊಂಡ. ಮಾವ ತಾವೇ ಎಳೆದುಕೊಳ್ಳುವಂಥದ್ದು ಒಂದು ಬೇಕು. ಆದರೆ ಗುರುತು ಹಾಕುವ ಹೊತ್ತಿಗೆ ಪೆನ್ಸಿಲ್ ತಾನಾಗಿಯೇ ಆಚೆ, ದಪ್ಪ ಕಾಲಿನ ಅಳತೆಗೆ ಸರಿಯಿತು. ಅಳಿಸಿ ಹಾಕಿದ, ಮತ್ತೆ ಸರಿಯಿತು.

ಪಾಲಿಶಿನವನು ಇಣುಕಿ ನೋಡಿದ. "ಏನಪ್ಪಾ, ಕುರ್ಚಿಯೋ ಸೇತುವೆಯೋ?"

"ಸಣ್ಣ ಮಾಡಿದ್ರೆ ಮುರಿದುಬಿಟ್ರೆ?" ಅಂದ ಆನೆಕುರ್ಚಿ. ಅಂದ ಮೇಲೆ ತನ್ನ ದನಿ ತನಗೇ ಕೇಳಿಸಿತು. ನೆಂಟರ ನಡುವೆ ನಿಂತು ಕಿವಿ ಕೆಂಪಾಗಿಸಿಕೊಂಡ ಆ ಹೊಸ ಅಳಿಯನ ದನಿ. ಇಷ್ಟು ಕಾಲ ಸಿಟ್ಟು ಅಂತ ಹೆಮ್ಮೆಯಿಂದ ಸಾಕಿಕೊಂಡು ಬಂದದ್ದರ ಒಳಗೆ ಮುದುರಿ ಕೂತಿದ್ದುದು ಹೆದರಿಕೆ. ಊರಿಗೆಲ್ಲ ಕೊಟ್ಟ ಅಷ್ಟೂ ದಪ್ಪ ಕಾಲುಗಳು ಅದಕ್ಕೆ ಕಟ್ಟಿದ ಕೋಟೆ.

ಮಾರನೆಯ ಬೆಳಗ್ಗೆ ಒಂದು ಕಟ್ಟು ಮರದ ತುಂಡುಗಳನ್ನು ಮನೆಗೆ ಹೊತ್ತು ತಂದ. "ಮಾವ, ಇದನ್ನ ಸ್ವಲ್ಪ ಹಿಡ್ಕೊಳ್ಳಿ." ಅವನ ಕಣ್ಣೆಲ್ಲ ಅವರ ಮಣಿಕಟ್ಟಿನ ಮೇಲೆ. ಎಷ್ಟು ಭಾರಕ್ಕೆ ನಡುಗುತ್ತದೆ, ಎಷ್ಟನ್ನು ತಡೆಯುತ್ತದೆ ಅಂತ. ಮಾವ ತುಂಡನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಕುಲುಕಿದರು. ಬಾಗಿದ್ದ ಬೆನ್ನು ನೆಟ್ಟಗಾಯಿತು.

"ಒಂದೂವರೆ ಕಿಲೋ, ಮೇಲೊಂದು ಹಿಡಿ."

"ತಕ್ಕಡಿ ಬೇಡವಾ ಮಾವ?"

"ನನ್ನ ಕೈಗಿಂತ ತಕ್ಕಡಿ ಬೇಕಾ? ಇನ್ನೊಂದು ಕೊಡಿ. ಇದು ಬೇಡ, ಭಾರ. ಇದು ಪರವಾಗಿಲ್ಲ. ಅಲ್ಲಾ, ಇಷ್ಟು ದಪ್ಪ ಯಾಕೆ ಕೊಯ್ತೀರಿ? ನಾನೇನು ಈಗ ಮೊದಲಿನ ಹಾಗಿದ್ದೀನಾ? ಕೋಳಿ ಕೂತ ಹಾಗೆ ಕೂರೋನು!"

ಒಳಗಿನಿಂದ ಹೆಂಡತಿ ನಕ್ಕಳು. ಪ್ರತಿ ಕಾಲು, ಪ್ರತಿ ಪಟ್ಟಿ ಮಾವನ ಅಂಗೈ ದಾಟಿಯೇ ಹೋಯಿತು. ಅವರು ಬೇಡ ಅಂತ ತಲೆ ಆಡಿಸಿದರೆ ಇವನು ಇನ್ನೊಂದು ಸುತ್ತು ಕೀಸುತ್ತಿದ್ದ. ಆ ದಿನಗಳಲ್ಲಿ ಅವನನ್ನು ಎಬ್ಬಿಸಿದ್ದು ಏನು ಅಂತ ಹೇಳುವುದು ಕಷ್ಟ. ಎದ್ದ ಮೇಲೆ, ಅರೆ, ಇವತ್ತು ಯಾರ ಮೇಲೂ ಸಿಟ್ಟಿಲ್ಲವಲ್ಲ ಅಂತ ಅವನಿಗೇ ಅಚ್ಚರಿಯಾಗುತ್ತಿತ್ತು.

ಕುರ್ಚಿ ಸಿದ್ಧವಾಯಿತು. ಒಂದೇ ಕೈಯಲ್ಲಿ ಎತ್ತಿಕೊಂಡು ಬೀದಿಯಲ್ಲಿ ಬರುವಾಗ ಜನ ಅದನ್ನು ಬೇರೆಯವರದು ಅಂದುಕೊಂಡರು. ಅದರ ಮೇಲೆ ಹತ್ತಿ ಕುಣಿಯಲು ಕಾಲು ತುಡಿದಿತ್ತು. ಕುಣಿಯಲಿಲ್ಲ.

ಮಾವ ಕೂತರು. ಕುರ್ಚಿ ಕಿರ್ರೆಂದಿತು. ಅವನು ಹಿಡಿಯಲು ಎರಡೂ ಕೈ ಮುಂದೆ ಚಾಚಿದ.

"ಅಳಿಯಂದ್ರೇ, ಇದು ಮುರಿಯಲ್ಲ ತಾನೆ?"

ಗಟ್ಟಿ ಅಂತ ಆಣೆ ಮಾಡುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅವನು ಅದನ್ನು ಬಿಟ್ಟು ಇನ್ನೊಂದನ್ನು ಆಡಿದ. "ಮುರಿದ್ರೆ ಮುರೀಲಿ ಮಾವ. ಇನ್ನೊಂದು ಮಾಡಿಕೊಡ್ತೀನಿ."

ಮಾವ ಹೊಟ್ಟೆ ಕುಣಿಸಿ ನಕ್ಕರು. ಹೊಟ್ಟೆ ಈಗ ಇರಲಿಲ್ಲ, ನಗು ಮಾತ್ರ ಅದೇ. ಅವನಿಗೂ ನಗು ಬಂತು, ಈ ಸಲ ಕಿವಿ ತಣ್ಣಗಿತ್ತು.

ಅಂದು ಮಾವ ಬಿಸಿಲಿನ ಬೆನ್ನು ಹತ್ತಿದರು. ಬೆಳಗ್ಗೆ ಕಿಟಕಿಯ ಬಳಿ, ಮಧ್ಯಾಹ್ನ ನಡುಮನೆಯ ಆ ಕೊನೆಗೆ, ಇಳಿಹೊತ್ತಿಗೆ ಹೊಸಿಲ ಹತ್ತಿರ. ಪ್ರತಿ ಸಲವೂ ತಾವೇ ಎದ್ದು, ತಾವೇ ಎಳೆದುಕೊಂಡರು. ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳಿದಾಗಲೆಲ್ಲ ಆನೆಕುರ್ಚಿ ತಲೆಯೆತ್ತಿ ನೋಡುತ್ತಿದ್ದ. ಅವನು ಮೂಲೆಯ ನೆರಳಿನಲ್ಲಿ, ತಾನು ಮಾಡಿದ ಆ ಭಾರೀ ಕುರ್ಚಿಯಲ್ಲಿ ಕೂತಿದ್ದ.

"ಅಲ್ಲೇನು ಕತ್ತಲಲ್ಲಿ ಕೂತಿದ್ದೀರಿ?" ಅಂದಳು ಹೆಂಡತಿ. "ನೀವೂ ಇತ್ತ ಬೆಳಕಿಗೆ ಬನ್ರೀ."

"ಬರ್ತಿದ್ದೆ ಕಣೇ," ಅಂದ. "ಈ ದರಿದ್ರದ್ದನ್ನ ಯಾರು ಎತ್ತುತ್ತಾರೆ?"

ಹಾಗಂದವನು, ಕುರ್ಚಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಮಾವನ ಪಕ್ಕದಲ್ಲಿ ಹೊಸಿಲ ಮೇಲೆ ಕೂತ.