ಕಡಲಪಾಚಿ ಮಾಲ್‌ಜಾಳ ಗುಣವಾಚಕಗಳು

ನವೆಂಬರ್ ಬಂತೆಂದರೆ ಯೋಸು ಬಂದರಿನ ಹಿಂದಿನ ಸಂತೆಯಲ್ಲಿ ಕಡಲಪಾಚಿ ಮಾರುವವರ ಹೊಟ್ಟೆಗೆ ತಣ್ಣೀರುಬಟ್ಟೆ. ಕಾಲೇಜು ಪ್ರವೇಶ ಪರೀಕ್ಷೆಯ ತಿಂಗಳದು. ಪಾಚಿಯ ಸಾರು ಜಾರುತ್ತದೆ, ಅದನ್ನು ಕುಡಿದು ಹೋದವರು ಪರೀಕ್ಷೆಯಲ್ಲೂ ಜಾರುತ್ತಾರೆ ಎಂದು ಊರಿಗೆ ಊರೇ ನಂಬಿದೆ. ಬಾಣಂತಿಗೆ, ಹುಟ್ಟುಹಬ್ಬಕ್ಕೆ ಆ ಸಾರನ್ನು ಮಾಡಲೇಬೇಕಾದ ಮನೆಯವರು ಬಿಟ್ಟರೆ ಆ ಅಂಗಡಿಗಳತ್ತ ಯಾರೂ ತಲೆ ಹಾಕುವುದಿಲ್ಲ. ಅಂಥ ಪಾಚಿಯನ್ನೇ ಮೂವತ್ತು ವರ್ಷ ಮಾರಿದ ಮಾಲ್‌ಜಾ, ಐವತ್ತೇಳು ದಾಟಿದ ಮೇಲೆ ಅದೇ ಪರೀಕ್ಷೆಗೆ ಕೂರುತ್ತೇನೆಂದಾಗ ಸಂತೆ ನಗದೆ ಇನ್ನೇನು ಮಾಡೀತು?

ಅವಳಿಗೆ ಬೇಕಿದ್ದದ್ದು ಒಂದೇ. ಬಂದರಿನಾಚೆಯ ವಿಶ್ವವಿದ್ಯಾಲಯದಲ್ಲಿ ಕಡಲಪಾಚಿಯ ಬಗ್ಗೆ ಓದಬೇಕು. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಡಿಸಿ ಪಾಚಿ ಒಣಗಿಸಲು ಕೂರಿಸಿದ್ದರು. ಉಳಿದ ಶಾಲೆಯ ಪರೀಕ್ಷೆಗಳನ್ನು ಈಚೆಗೆ ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡಿದ್ದಳು. ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಬೇಕಾದರೆ ಇಂಗ್ಲಿಷಿನಲ್ಲಿ ಮೂರನೇ ದರ್ಜೆ ಬರಬೇಕು. ಅಭ್ಯಾಸ ಪರೀಕ್ಷೆಗಳಲ್ಲೆಲ್ಲ ಅವಳಿಗೆ ಬಂದದ್ದು ನಾಲ್ಕನೆಯದು.

“ಅಮ್ಮಾ, ನಿಮ್ಮನ್ನ ಬೀಳಿಸ್ತಿರೋದು ಗುಣವಾಚಕಗಳು,” ಎಂದರು ಸಂಜೆ ಪಾಠದ ಬೇ ಮೇಷ್ಟ್ರು. “ಬರೆದವನು ಹೊಗಳ್ತಿದಾನೋ ಬೈತಿದಾನೋ ಅನ್ನೋದು ಆ ಒಂದು ಪದದಲ್ಲಿರತ್ತೆ. ಅದು ಗೊತ್ತಾಗ್ದಿದ್ರೆ ಇಡೀ ಪ್ಯಾರಾ ತಲೆಕೆಳಗು.”

ಉರು ಹೊಡೆದ ಪದ ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು. ಕೊನೆಗೆ ಮಾಲ್‌ಜಾ ತನಗೆ ತಿಳಿದ ದಾರಿ ಹಿಡಿದಳು. ಗಿರಾಕಿಯ ಹೆಸರು ಮರೆತರೂ ಮುಖ ಮರೆತವಳಲ್ಲ ಅವಳು. ಒಂದೊಂದು ಪದವನ್ನು ಸಂತೆಯ ಒಬ್ಬೊಬ್ಬರ ಮುಖಕ್ಕೆ ಅಂಟಿಸುತ್ತ ಹೋದಳು. ಪಕ್ಕದಲ್ಲಿ ಅಕ್ಕಿಕಡುಬು ಮಾರುವ ದೊಗಿಮ್ ‘ಎಲೊಕ್ವೆಂಟ್’ ಆದಳು.

“ಹಂಗಂದ್ರೇನಕ್ಕಾ?”

“ಮಾತಲ್ಲಿ ಎತ್ತಿದ ಕೈ.”

“ನಮ್ಮನೇವ್ರು ಇಷ್ಟು ವರ್ಷ ಅದನ್ನೇ ಬಾಯಿಬಡುಕಿ ಅಂತಿದ್ರು ನೋಡು!”

ಎದುರು ಸಾಲಿನಲ್ಲಿ ಮೀನು ಹೆಚ್ಚುವ ಚೊನ್‌ಗೆ ‘ಆಬ್‌ಸ್ಟಿನೇಟ್’ ಸಿಕ್ಕಿತು. ಹಿಡಿದದ್ದನ್ನು ಬಿಡದವನು ಎಂದು ಮಾಲ್‌ಜಾ ನಯವಾಗಿಯೇ ಅರ್ಥ ಹೇಳಿದ್ದಳು. ಅವನು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದ. ಮೂರನೆಯ ದಿನ ಯಾರೋ ಅದು ಮೊಂಡರಿಗೆ ಹೇಳುವ ಮಾತು ಎಂದು ಕಿವಿಯೂದಿದರು. ಅಂದಿನಿಂದ ಅವನು ಮಾಲ್‌ಜಾಳ ಜೊತೆ ಮಾತು ಬಿಟ್ಟ. ಸೆಪ್ಟೆಂಬರಿನಲ್ಲಿ ಬಿಟ್ಟವನು ನವೆಂಬರಾದರೂ ಬಾಯಿ ತೆರೆಯದೆ, ಪದ ಎಷ್ಟು ಸರಿಯಾಗಿ ಹೊಂದುತ್ತದೆಂದು ತೋರಿಸಿಕೊಟ್ಟ.

‘ಇಂಡಿಫರೆಂಟ್’ ಎಂಬ ಪದಕ್ಕೆ ಮಾತ್ರ ಮುಖ ಸಿಗಲಿಲ್ಲ. ಯಾರಿಗೆ ಏನಾದರೂ ತನಗೇನು ಎನ್ನುವಂಥ ಒಬ್ಬನನ್ನು ಹುಡುಕಿ ಮಾಲ್‌ಜಾ ಸಾಲುಸಾಲು ಸುತ್ತಿದಳು. ಬೇರೆಯವರ ಸೊಸೆಯ ಬಸಿರನ್ನೂ ತಮ್ಮದೇ ಎಂಬಂತೆ ಲೆಕ್ಕ ಹಾಕುವ ಸಂತೆಯದು, ಸಿಗುವುದೆಲ್ಲಿಂದ?

ಪರೀಕ್ಷೆಯ ವಾರ ಒಂದು ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅಂಗಡಿಗೆ ದೊಗಿಮ್ ಅಡ್ಡ ನಿಂತಿದ್ದಳು.

“ಅಕ್ಕಾ, ಗುರುವಾರ ಪರೀಕ್ಷೆ ಮುಗಿಯೋ ತನಕ ಈ ಪಾಚಿ ಮುಟ್ಟಕೂಡದು. ಕುಡಿದವ್ರೇ ಜಾರ್ತಾರೆ, ನೀನು ದಿನಾ ಇದ್ರಲ್ಲೇ ಮುಳುಗಿರ್ತೀಯ. ಹೋಗು, ನನ್ನ ಉಗ್ರಾಣದಲ್ಲಿ ಕೂತು ಓದು.”

“ಹುಚ್ಚಾ ನಿನಗೆ? ಅಂಗಡಿ ಯಾರು ನೋಡ್ಕೊಳ್ತಾರೆ?”

ಎದುರಿನಿಂದ ಚೊನ್ ಕೈ ಒರೆಸಿಕೊಳ್ಳುತ್ತ ಬಂದು ಅವಳ ಮಣೆಯ ಮೇಲೆ ಕೂತೇಬಿಟ್ಟ. ಮಾಲ್‌ಜಾ ಮೊಳದ ದೂರದಲ್ಲಿದ್ದರೂ ಅವನು ನೋಡಿದ್ದು ದೊಗಿಮ್ ಕಡೆಗೆ. “ಆ ಹೆಂಗಸಿಗೆ ಹೇಳು, ನಾನು ನೋಡ್ಕೋತೀನಿ ಅಂತ.”

“ಅವನಿಗೆ ಹೇಳು, ತೂಕ ಸರಿಯಾಗಿ ಹಾಕೋಕೆ,” ಎಂದಳು ಮಾಲ್‌ಜಾ.

ಉಗ್ರಾಣದಲ್ಲಿ ಬಿಸಿ ಅಕ್ಕಿಯ ಹಬೆಯ ನಡುವೆ ಅವಳು ಪುಸ್ತಕ ಬಿಚ್ಚಿದಳು. ಕಿವಿ ಮಾತ್ರ ಹೊರಗೇ ಇತ್ತು. ಒಬ್ಬ ಹೆಂಗಸು ಪಾಚಿ ಕೇಳುವುದು ಕೇಳಿಸಿತು.

“ಮನೇಲಿ ಪರೀಕ್ಷೆ ಬರೆಯೋರಿದಾರೇನಮ್ಮಾ?” ಚೊನ್‌ನ ದನಿ.

“ಇಲ್ಲಣ್ಣಾ, ಸೊಸೆ ಹೆತ್ತಿದಾಳೆ.”

“ಅವಳ ಮೈದುನ?”

“ಬರೀತಾನೆ. ಅವನೇನು ಬಾಣಂತಿ ಸಾರು ಕುಡೀತಾನಾ?”

“ಒಂದೇ ಮನೆ, ಒಂದೇ ಪಾತ್ರೆ. ಬೇಡಮ್ಮಾ, ಶುಕ್ರವಾರ ಬಾ.”

ಮಾಲ್‌ಜಾ ಪುಸ್ತಕ ಎಸೆದು ಬಾಗಿಲಿಗೆ ಓಡಿಬಂದಳು. ಬಾಣಂತಿಯ ಮನೆಯೆಂದರೆ ತಿಂಗಳುಗಟ್ಟಲೆ ಬರುವ ಗಿರಾಕಿ! ಬಯ್ಯಲು ಬಾಯಿ ತೆರೆದವಳ ಕಣ್ಣಿಗೆ ಎದುರು ಸಾಲು ಬಿತ್ತು. ಚೊನ್‌ನ ಹಲಗೆಯ ಮೇಲೆ ಮಂಜುಗಡ್ಡೆ ಕರಗಿ, ಮೀನಿನ ಕಣ್ಣು ಮಂಕಾಗುತ್ತಿತ್ತು. ಅವನ ಗಿರಾಕಿಗಳು ಖಾಲಿ ಮಣೆ ನೋಡಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಅವನು ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಹೊಳೆಯುವ ಪಾಚಿಯನ್ನು ಮೇಲೆ, ಮಂಕಾದದ್ದನ್ನು ಕೆಳಗೆ ಜೋಡಿಸುತ್ತಿದ್ದ, ಅದೂ ಯಾವುದು ಯಾವುದೆಂದು ತಿಳಿಯದೆ ತಪ್ಪಾಗಿ. ಅವಳ ವ್ಯಾಪಾರದ ಜೊತೆಗೆ ತನ್ನದನ್ನೂ ಇಷ್ಟು ಶ್ರದ್ಧೆಯಿಂದ ಮುಳುಗಿಸುವವನನ್ನು ಏನೆಂದು ಬಯ್ಯುವುದು? ಬಂದ ಬೈಗುಳವನ್ನು ನುಂಗಿಕೊಂಡಳು. ಒಳಗೆ ಹೋಗಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ಇಷ್ಟು ಜನ ತಮ್ಮ ವ್ಯಾಪಾರ ಕೆಡಿಸಿಕೊಂಡು ಕೊಟ್ಟ ಹೊತ್ತನ್ನು ಹಾಳುಮಾಡುವಷ್ಟು ದೊಡ್ಡ ಸಾಹುಕಾರ್ತಿಯಲ್ಲ ತಾನು ಎಂದು ಅವಳಿಗೆ ಅನ್ನಿಸಿತ್ತು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮೂರನೇ ದರ್ಜೆ, ಅದೂ ಅಂಚಿನಲ್ಲಿ ಹಿಡಿದು ನಿಂತದ್ದು. ಪಾಚಿ ಮುಟ್ಟದಂತೆ ತಡೆದದ್ದೇ ಕಾರಣವೆಂದು ದೊಗಿಮ್ ಸಾಲಿಗೆಲ್ಲ ಸಾರಿದಳು. ತಮ್ಮ ಪಾಠವೆಂದು ಬೇ ಮೇಷ್ಟ್ರು ಹೇಳಿಕೊಂಡರು. ಮಾಲ್‌ಜಾ ಯಾರ ಮಾತನ್ನೂ ತೆಗೆದುಹಾಕಲಿಲ್ಲ, ಎಲ್ಲರಿಗೂ ಸೊಂಟ ಬಗ್ಗಿಸಿ ವಂದಿಸಿದಳು. ಚೊನ್‌ನ ಎದುರು ತುಸು ಹೆಚ್ಚೇ ಬಗ್ಗಿದಳು.

“ದೊಗಿಮ್,” ಎಂದ ಅವನು, “ಆ ಹೆಂಗಸಿಗೆ ಹೇಳು, ಮಾರ್ಚ್‌ನಿಂದ ತರಗತಿಗೆ ಹೋದಾಗ ಅಂಗಡಿ ಬೀಗದ ಕೈ ನನ್ನ ಹತ್ರ ಕೊಡಬೇಕು.”

“ನೀನೇ ಹೇಳೋ ಮೊಂಡಾ!” ಎಂದಳು ದೊಗಿಮ್.

ಮಾರ್ಚ್ ಬಂತು. ಮೊದಲ ತರಗತಿ ಮುಗಿಸಿ ಬಂದವಳನ್ನು ಇಬ್ಬರೂ ಮುತ್ತಿಕೊಂಡರು.

“ಏನ್ ಹೇಳಿಕೊಟ್ರು ಅಕ್ಕಾ?”

“ಪಾಚಿ ಗಿಡವೇ ಅಲ್ವಂತೆ.”

ಮಾತು ಬಿಟ್ಟ ಮೇಲೆ ಚೊನ್ ಮೊದಲ ಬಾರಿಗೆ ನೇರ ಅವಳತ್ತಲೇ ತಿರುಗಿದ. “ಹಾಗಾದ್ರೆ ಮೂವತ್ತು ವರ್ಷ ಏನಮ್ಮಾ ಮಾರಿದೆ ನೀನು?”

“ಅದನ್ನ ತಿಳ್ಕೊಳ್ಳೋಕೇ ಅಲ್ವೇನೋ ಹೋಗ್ತಿರೋದು,” ಎಂದು ಮಾಲ್‌ಜಾ ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು, ಅವನು ತಪ್ಪಾಗಿ ಜೋಡಿಸಿಟ್ಟಿದ್ದ ಪಾಚಿಯನ್ನು ಸರಿಮಾಡದೆ ಹಾಗೆಯೇ ಮಾರತೊಡಗಿದಳು.