ಇಪ್ಪತ್ತು ನಿಮಿಷ ಕಾಯುವ ಓಣಿ

ನಾನು ಓದು ನಿಲ್ಲಿಸಿದ್ದು ೨೦೦೧ರಲ್ಲಿ, ಒಂಬತ್ತನೆಯ ತರಗತಿಯ ನಡುವೆ. ಫೇಲಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದವರೆಲ್ಲ ಹಾಗೆಯೇ ತಿಳಿಯುತ್ತಾರೆ. ಬೆಂಚಿನ ಮೇಲೆ ನಲವತ್ತು ನಿಮಿಷ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಕಾಲು ತಾನಾಗಿ ಅಲುಗಾಡುತ್ತಿತ್ತು, ಅದರ ಜೊತೆ ಬೆಂಚು ಅಲುಗಾಡುತ್ತಿತ್ತು, ಪಕ್ಕದವನ ಅಕ್ಷರ ಕೆಡುತ್ತಿತ್ತು. ಒಂದು ದಿನ ಗಣಿತದ ಪಿರಿಯಡ್ ನಡೆದಿರುವಾಗ ಎದ್ದು ಹೊರಗೆ ಬಂದೆ. ನೀರು ಕುಡಿಯಲು ಹೊರಟನೆಂದು ಮಾಸ್ತರು ತಿಳಿದಿರಬೇಕು. ನಾನು ಕಮರಿಪೇಟೆಯವರೆಗೆ ನಡೆದು ಹೋಗಿ ಮೋಟರ್ ವೈಂಡಿಂಗ್ ಅಂಗಡಿಯೊಂದರ ಮುಂದೆ ನಿಂತೆ. ಒಳಗೆ ಒಬ್ಬ ಮುದುಕ ಸುಟ್ಟ ಮೋಟರಿನ ಹೊಟ್ಟೆಯಿಂದ ಕರಿ ತಂತಿ ಎಳೆಯುತ್ತಿದ್ದ. ನಿಂತು ಮಾಡುವ ಕೆಲಸ. ನನಗೆ ಹಿಡಿಸಿತು.

ಆ ಉಸ್ತಾದನ ಕೈಕೆಳಗೆ ಆರು ವರ್ಷ ದುಡಿದೆ. ಅವನು ಕಲಿಸಿದ ಮೊದಲ ಪಾಠ ತಂತಿ ಸುತ್ತುವುದಲ್ಲ, ಬರೆದುಕೊಳ್ಳುವುದು. ಸುಟ್ಟ ಮೋಟರು ಬಂದರೆ ಅದರ ತಂತಿ ಕಡಿಯುವ ಮೊದಲು, ತಂತಿ ಕೂಡುವ ಸ್ಲಾಟು ಎಷ್ಟು, ಒಂದೊಂದರಲ್ಲಿ ಎಷ್ಟು ಸುತ್ತು, ತಂತಿ ಎಷ್ಟು ದಪ್ಪ, ಯಾವ ಸ್ಲಾಟಿನಿಂದ ಹೊರಟದ್ದು ಎಲ್ಲಿ ಇಳಿಯುತ್ತದೆ, ಎಲ್ಲ ನೋಟ್‌ಬುಕ್ಕಿನಲ್ಲಿ ಬೀಳಬೇಕು. ಬರೆಯದೆ ಕಡಿದರೆ ಆ ಮೋಟರು ಹೇಗಿತ್ತು ಎಂದು ಹೇಳುವವರು ಯಾರೂ ಉಳಿಯುವುದಿಲ್ಲ. "ಮೊದಲ ಬರಿ, ಆಮ್ಯಾಲ ಕಡಿ" ಎನ್ನುತ್ತಿದ್ದ, ದಿನಕ್ಕೆ ಹತ್ತು ಸಲ. ಮುಂದೆ ನಾನು ಸ್ವಂತ ಅಂಗಡಿ ಹಾಕಿದೆ. ಇಷ್ಟು ವರ್ಷಗಳಲ್ಲಿ ಒಂದು ಮೋಟರನ್ನೂ ಬರೆಯದೆ ಕಡಿದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪಕ್ಕದ ಸೈಬರ್ ಕೆಫೆ ಮುಚ್ಚಿದಾಗ ಅಲ್ಲಿಯ ಒಂದು ಹಳೆಯ ಕಂಪ್ಯೂಟರ್ ಕೊಂಡೆ. ಅದರೊಳಗೆ ಒಂದು ಯುದ್ಧದ ಆಟವಿತ್ತು. ಕೋಟೆ, ಸೈನಿಕರು, ಹೊಲ, ಹಳ್ಳಿ. ಆಟಕ್ಕಿಂತ ನನ್ನನ್ನು ಹಿಡಿದದ್ದು ಅದರ ಜೊತೆಗಿದ್ದ ಇನ್ನೊಂದು ಸೌಲಭ್ಯ. ನಮ್ಮದೇ ನೆಲ, ಹೊಳೆ, ಊರು ಹೂಡಿ, ಯಾರು ಯಾವಾಗ ಬರಬೇಕು, ಏನಾದರೆ ಗೆಲುವು, ಏನಾದರೆ ಸೋಲು ಎಂದು ನಾವೇ ಗೊತ್ತುಮಾಡಬಹುದಿತ್ತು. ಹಾಗೆ ಕಟ್ಟಿದ್ದಕ್ಕೆ ಸನ್ನಿವೇಶ ಎನ್ನುತ್ತೇವೆ. ಅದರ ಜೀವ ಇರುವುದು ಶರತ್ತುಗಳಲ್ಲಿ: ಇದಾದರೆ ಅದಾಗಬೇಕು, ಅದಾದ ಇಷ್ಟು ಹೊತ್ತಿಗೆ ಇನ್ನೊಂದಾಗಬೇಕು. ಒಂದು ಸನ್ನಿವೇಶಕ್ಕೆ ಇನ್ನೂರು ಮುನ್ನೂರು ಶರತ್ತು. ಮೋಟರಿನೊಳಗಿನ ತಂತಿಯಂತೆಯೇ ಅವು ಒಂದರಿಂದ ಹೊರಟು ಇನ್ನೊಂದಕ್ಕೆ ಇಳಿಯುತ್ತವೆ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಎರಡು ತಾಸು ಇದೇ ಕೆಲಸ. ಅದನ್ನೂ ಬಹುಪಾಲು ನಿಂತುಕೊಂಡೇ ಮಾಡಿದ್ದೇನೆ. "ಕಂಪ್ಯೂಟರ್ ಮುಂದ ನಿಂತು ಕೆಲಸ ಮಾಡಾವ್ರನ್ನ ನಾ ನಿಮ್ಮೊಬ್ಬರನ್ನ ನೋಡೇನಿ ನೋಡ್ರಿ" ಎಂದು ಹೆಂಡತಿ ನಗುತ್ತಿದ್ದಳು.

೨೦೧೯ರಲ್ಲಿ ಕನ್ನಡದಲ್ಲಿ ಸನ್ನಿವೇಶ ಕಟ್ಟುವವರಿಗೆಂದು ಆನ್‌ಲೈನ್ ಗುಂಪೊಂದನ್ನು ಶುರು ಮಾಡಿದೆ. ಹನ್ನೊಂದು ಜನರಿದ್ದೆವು. ಐದು ವರ್ಷದಲ್ಲಿ ಅರವತ್ಮೂರಾದೆವು. ಎಂಜಿನಿಯರಿಂಗ್ ಓದಿದವರಿದ್ದರು, ಬ್ಯಾಂಕಿನವರಿದ್ದರು, ದೇಶಪಾಂಡೆ ನಗರದಲ್ಲಿ ಔಷಧ ಅಂಗಡಿ ಇಟ್ಟವನೊಬ್ಬನಿದ್ದ. ಅವರೆಲ್ಲರಿಗೂ ನಿಯಮ ಹಾಕಿಕೊಟ್ಟವನು ಒಂಬತ್ತನೆಯ ತರಗತಿಯಿಂದ ಎದ್ದು ಬಂದ ನಾನು. ಅದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮೊದಲನೆಯ ನಿಯಮ: ಒಂದು ಸನ್ನಿವೇಶಕ್ಕೆ ಗುಂಪಿನ ಆನ್‌ಲೈನ್ ಫೋಲ್ಡರಿನಲ್ಲಿ ಒಂದೇ ಪ್ರತಿ ಇರಬೇಕು, ಹಾಕಿದವರು ತಮ್ಮ ಬಳಿಯ ಪ್ರತಿ ಅಳಿಸಬೇಕು. ಆರಂಭದಲ್ಲಿ ಒಂದೇ ಸನ್ನಿವೇಶದ ನಾಲ್ಕು ಪ್ರತಿ ನಾಲ್ಕು ಕಡೆ ತಿದ್ದಿ ಗೊಂದಲವಾಗಿತ್ತು, ಅದಕ್ಕೆ ಈ ಕಟ್ಟುಪಾಡು. ಎರಡನೆಯದು: ಇನ್ನೊಬ್ಬರ ಸನ್ನಿವೇಶಕ್ಕೆ ಕೈ ಹಚ್ಚುವವರು ಅದು ಇದ್ದಂತೆ ಮೊದಲು ಬರೆದುಕೊಳ್ಳಬೇಕು. ಉಸ್ತಾದನ ಮಾತನ್ನೇ ಕಂಪ್ಯೂಟರಿಗೆ ತಂದಿದ್ದೆ. ತಪ್ಪಿದವರನ್ನು ಗುಂಪಿನಲ್ಲಿಯೇ ಎಲ್ಲರ ಮುಂದೆ ಕೇಳುತ್ತಿದ್ದೆ. ಔಷಧ ಅಂಗಡಿಯವನು ನನಗೆ ಹೆಡ್‌ಮಾಸ್ತರ ಎಂದು ಹೆಸರಿಟ್ಟ. ಅವನು ಚೇಷ್ಟೆಗೆ ಕರೆಯುತ್ತಿದ್ದ. ನನಗೆ ಒಳಗೊಳಗೆ ಖುಷಿಯಾಗುತ್ತಿತ್ತು.

ಸಪ್ತಾಪುರದ ಅಕ್ಕಾರು ಗುಂಪಿಗೆ ಬಂದದ್ದು ನಂತರ. ಧಾರವಾಡದ ಕಾಲೇಜೊಂದರಲ್ಲಿ ಗ್ರಂಥಪಾಲಕಿ, ಐವತ್ತು ದಾಟಿದವರು. ಅವರು ಎಂಟು ತಿಂಗಳು ಕೂತು ಒಂದು ಸನ್ನಿವೇಶ ಕಟ್ಟಿದರು. ಅದರಲ್ಲಿ ಯುದ್ಧವೇ ಇಲ್ಲ. ಒಂದು ಓಣಿ, ಹನ್ನೆರಡು ಮನೆ, ವಾರದ ಮೇಲೆ ನೀರು ಬರುವ ದಿನ. ಹನ್ನೆರಡು ಮನೆಯ ಕೊಡವೂ ತುಂಬಿದರೆ ಗೆಲುವು. ನೀರು ಬರುವ ಮೊದಲು ಇಪ್ಪತ್ತು ನಿಮಿಷ ಕಾಯಬೇಕು. ಆಟದ ಇಪ್ಪತ್ತು ನಿಮಿಷವಲ್ಲ, ಗಡಿಯಾರದ ಇಪ್ಪತ್ತು ನಿಮಿಷ.

ಅದನ್ನು ಪರೀಕ್ಷಿಸುವ ಸರದಿ ನನ್ನದು. ಬೇಸಿಗೆಯ ದಿನ, ಬೋರ್‌ವೆಲ್ ಪಂಪುಗಳು ಅಂಗಡಿಯ ಬಾಗಿಲವರೆಗೆ ಸಾಲುಗಟ್ಟಿದ್ದವು. ಐದು ನಿಮಿಷ ನೋಡಿದೆ. ಮಂದಿ ಅಡ್ಡಾಡುತ್ತಾರೆ, ಕೊಡ ಇಡುತ್ತಾರೆ, ಒಬ್ಬ ಒಂದು ಮನೆಯ ಹಿಂದೆ ಹೋಗಿ ಬರುತ್ತಾನೆ. ಏಳನೆಯ ನಿಮಿಷಕ್ಕೆ ನನ್ನ ಕಾಲು ಅಲುಗಾಡತೊಡಗಿತು. ಮೂರು ದಿನ ಪ್ರಯತ್ನಪಟ್ಟೆ, ಒಮ್ಮೆಯೂ ಹತ್ತು ನಿಮಿಷ ದಾಟಲಿಲ್ಲ. ನಾಲ್ಕನೆಯ ದಿನ ಕಾಯುವುದನ್ನು ಎರಡು ನಿಮಿಷಕ್ಕೆ ಇಳಿಸಿದೆ. ಅದಕ್ಕೆ ಅಂಟಿಕೊಂಡಿದ್ದ ನೂರಾ ನಲವತ್ತು ಶರತ್ತು ಕಡಿದೆ. ಜನ ಬೇಸರಪಡಬಾರದೆಂದು ಓಣಿಯ ತುದಿಯಿಂದ ಎಂಟು ಕುದುರೆ ಸವಾರರನ್ನು ನುಗ್ಗಿಸಿ, ಅದೇ ಫೈಲಿನ ಮೇಲೆ ಉಳಿಸಿ ಅಂಗಡಿಗೆ ಹೋದೆ. ಬರೆದುಕೊಳ್ಳಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಆಗ ನಂಬಿದ್ದೆ.

ಅಕ್ಕಾರಿಗೆ ಪರೀಕ್ಷೆಯ ದಿನಗಳ ಕೆಲಸ. ಎರಡು ತಿಂಗಳ ಮೇಲೆ ತೆರೆದು ನೋಡಿ ಫೋನ್ ಮಾಡಿದರು. ನಾನು ಒಂದು ಮೋಟರಿಗೆ ವಾರ್ನಿಷ್ ಹಾಕುತ್ತಿದ್ದೆ.

"ಅಣ್ಣಾರ, ನನ್ನ ಓಣ್ಯಾಗ ಕುದರಿ ಯಾಕ ಬಂದಾವ್ರಿ?"

"ನಾನ ತಂದೇನ್ರಿ ಅಕ್ಕಾರ. ಒಂದೀಟ ಸುಧಾರಿಸೇನಿ. ಇಪ್ಪತ್ತು ನಿಮಿಷ ಏನೂ ಆಗಂಗಿಲ್ಲಲ್ರಿ ಅದ್ರಾಗ. ಆಡಾವ ಎದ್ದು ಹೊಕ್ಕಾನ."

"ನೀವು ಕಡೀತನಕ ಕುಂತಿದ್ರೇನ್ರಿ?"

ನಾನು ಬ್ರಶ್ಶನ್ನು ಮತ್ತೆ ಡಬ್ಬಿಯಲ್ಲಿ ಅದ್ದಿದೆ. "ಮೊದಲಿಂದು ಕಳಿಸ್ರಿ" ಎಂದರು.

"ನಿಮ್ಮ ಹಂತೇಕ ಇರಬೇಕಲ್ರಿ?"

"ಅಳಸಬೇಕು ಅಂತ ನಿಯಮ ಹಾಕಿದವ್ರು ಯಾರ್ರಿ?"

ಬ್ರಶ್ಶು ಬದಿಗಿಟ್ಟು ಹುಡುಕಿದೆ. ಫೋಲ್ಡರು ಹಳೆಯ ಪ್ರತಿಯನ್ನು ಮೂವತ್ತು ದಿನ ಮಾತ್ರ ಇಟ್ಟುಕೊಳ್ಳುತ್ತಿತ್ತು. ಅರವತ್ತು ಕಳೆದಿದ್ದವು. ಅವರ ಎಂಟು ತಿಂಗಳು ಎಲ್ಲಿಯೂ ಇರಲಿಲ್ಲ.

ಆ ವಾರ ನಾನು ಯಾವ ಕಡೆಯೂ ನಿಲ್ಲಲಿಲ್ಲ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ, ನಡುವೆ ಕಾರಣವಿಲ್ಲದೆ ಗಾಡಿ ತೆಗೆದುಕೊಂಡು ಉಣಕಲ್ ಕೆರೆಯವರೆಗೆ. ಗುಂಪಿನಲ್ಲಿ ಯಾರೋ ಓಣಿಯ ಸನ್ನಿವೇಶ ಏನಾಯಿತೆಂದು ಕೇಳಿದರು. "ಫೈಲು ಕೆಟ್ಟಿದೆ" ಎಂದು ಬರೆದೆ. ಸನ್ನಿವೇಶ ಮರಳಿ ಕಟ್ಟದಿದ್ದರೆ ಅಕ್ಕಾರು ಗುಂಪು ಬಿಡುವುದು ಖಂಡಿತ. ಕಟ್ಟುವ ಮಾತು ಎತ್ತಿದರೆ ಯಾರು ಕಡಿದರು ಎಂಬ ಮಾತು ಏಳುವುದೂ ಖಂಡಿತ. ಅಷ್ಟು ಜನರ ಮುಂದೆ ಐದು ವರ್ಷ ಎತ್ತಿ ಹಿಡಿದ ತಲೆ ನನ್ನದು.

"ಅವರ ಮನೀಗೆ ಹೋಗಿ ಬರ್ರಿ" ಎಂದಳು ಹೆಂಡತಿ. "ಇಲ್ಲೇ ತಿರಗ್ಯಾಡಿ ನೆಲಾ ಸವಿಸಾಕತ್ತೀರಿ."

ರವಿವಾರ ಸಪ್ತಾಪುರಕ್ಕೆ ಹೋದೆ. ಅಕ್ಕಾರ ಮನೆಯವರು ಬಾಗಿಲು ತೆಗೆದು ಚಹಾಕ್ಕಿಡಲು ಒಳಗೆ ಹೋದರು. ಅಕ್ಕಾರು ಕಟ್ಟೆಯ ಮೇಲೆ ಕೊಡ ತೊಳೆದು ಬೋರಲು ಹಾಕುತ್ತಿದ್ದರು.

"ಬರ್ರಿ ಅಣ್ಣಾರ. ಗುಂಪಿನ್ಯಾಗ ಏನಂತ ಹೇಳೀರಿ?"

"ಫೈಲ್ ಕೆಟ್ಟೈತಿ ಅಂತ ಬರದೇನ್ರಿ."

"ನೋಡೇನಿ. ತಾನಾಗಿ ಕೆಟ್ಟಿತೇನ್ರಿ ಅದು?"

"ಇಲ್ರಿ."

"ಹಂಗಂದ್ರ ಖರೇ ಬರೀರಿ. ನಾ ಬರಿಯಂಗಿಲ್ಲ, ನೀವ ಬರೀಬೇಕು. ಆಮ್ಯಾಲ ಓಣಿ ಕಟ್ಟೂದು ನೋಡೂಣು."

ಅಲ್ಲಿಯೇ ನಿಂತು ಬರೆದೆ. ಅಕ್ಕಾರ ಸನ್ನಿವೇಶವನ್ನು ಕೆಡಿಸಿದ್ದು ನಾನು, ಬರೆದುಕೊಳ್ಳದೆ ಕಡಿದೆ, ಮೊನ್ನೆ ಹೇಳಿದ್ದು ಸುಳ್ಳು. ಮೂರು ವಾಕ್ಯ. ಕಳಿಸಿದ ಎರಡು ನಿಮಿಷಕ್ಕೆ ಔಷಧ ಅಂಗಡಿಯವನ ಧ್ವನಿ ಸಂದೇಶ ಬಂತು. ಅಕ್ಕಾರ ಎದುರಿಗೇ ಅದು ಗಟ್ಟಿಯಾಗಿ ನುಡಿಯಿತು: "ಏನ್ರಿ ಹೆಡ್‌ಮಾಸ್ತರ, ನಿಮ್ಮ ಸಾಲ್ಯಾಗ ನಿಮಗೂ ಛಡಿ ಐತೇನು? ಇದ್ರ ಕೈ ಮುಂದ ಮಾಡ್ರಿ." ಅಕ್ಕಾರು ನಕ್ಕರು. ನನಗೆ ನಗು ಬರಲಿಲ್ಲ. ಅದರ ಬೆನ್ನಿಗೇ ಒಬ್ಬೊಬ್ಬರಾಗಿ ಗುಂಪು ಬಿಡತೊಡಗಿದರು. ಪರದೆಯ ಮೇಲೆ ಅದು ಸಣ್ಣ ಅಕ್ಷರದಲ್ಲಿ ಕಾಣುತ್ತದೆ.

ಗಾಡಿಯ ಕೀಲಿ ಕೈಗೆ ತೆಗೆದುಕೊಂಡೆ.

"ಎಲ್ಲಿ ಹೊಂಟ್ರಿ? ಇವತ್ತ ನಮಗ ನೀರಿನ ದಿನ. ಯಾವಾಗ ಬರತಾವೋ ಗೊತ್ತಿಲ್ಲ. ಕುಂಡ್ರಿ. ಫೋನ್ ಒಳಗಿಡ್ರಿ."

ಕೂತೆ. ಅಷ್ಟು ಹೊತ್ತು ಕಟ್ಟೆಯೊಂದರ ಮೇಲೆ ಏನೂ ಮಾಡದೆ ಕೂತದ್ದು ಜೀವನದಲ್ಲಿ ಅದೇ ಮೊದಲು. ಕಾಲು ಅಲುಗಾಡಿತು, ಅಕ್ಕಾರು ನೋಡಿದರು, ಕಾಲನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿದೆ. ಎದುರು ಮನೆಯ ಗೇಟು ಅರ್ಧ ತೆರೆದಿತ್ತು. ಮುದುಕಿಯೊಬ್ಬಳು ನಳದ ಬಾಯಿಗೆ ಕಿವಿ ಹಚ್ಚಿ, "ಇನ್ನಾ ಇಲ್ಲ" ಎಂದು ಯಾರಿಗೋ ಹೇಳಿ ಹೋದಳು. ಬಹಳ ಹೊತ್ತಾಯಿತು. ಆಗ ಮೂರನೆಯ ಮನೆಯವನೊಬ್ಬ ಹಿತ್ತಲಿಗೆ ಹೋಗಿ ಬಂದ. ಮತ್ತೆ ಹೋದ. ಮೂರನೆಯ ಸಲ ಹೋದಾಗ ಅವನ ಕೈಯಲ್ಲಿ ವೈರು ಕಂಡಿತು.

"ಅಲ್ಲಿ ಮೋಟರ್ ಐತ್ರಿ" ಎಂದೆ. "ನಳಕ್ಕ ಹಚ್ಚಿ ಜಗ್ಗತಾನ. ಅಂವಾ ಚಾಲೂ ಮಾಡಿದ್ರ ಈ ಕಡೆ ಮನಿಗೆಲ್ಲಾ ನೀರ ಬರೂದಿಲ್ಲ."

"ಈಗ ಕಂಡಿತೇನ್ರಿ?" ಎಂದರು ಅಕ್ಕಾರು.

ಅವರು ಕಟ್ಟಿದ್ದ ಇಪ್ಪತ್ತು ನಿಮಿಷದಲ್ಲಿ ಇದ್ದದ್ದು ಇದೇ. ಆಟದಲ್ಲಿ ಒಬ್ಬ ಒಂದು ಮನೆಯ ಹಿಂದೆ ಮೂರು ಸಲ ಹೋಗಿ ಬರುತ್ತಿದ್ದ. ಯಾವ ಮನೆ ಎಂಬುದು ಪ್ರತಿ ಸಲ ಬೇರೆ. ಕೂತು ನೋಡಿದವನಿಗೆ ಅದು ತಿಳಿಯುತ್ತಿತ್ತು. ಆಡುವವನು ನೀರು ಬರುವ ಮೊದಲು ಆ ಮನೆಯ ಮುಂದೆ ಒಬ್ಬ ಮುದುಕಿಯನ್ನು ನಿಲ್ಲಿಸಬೇಕು, ಅಷ್ಟೇ. ಮುದುಕಿ ನಿಂತರೆ ಒಳಗಿನವನು ಮೋಟರು ಹಚ್ಚುವುದಿಲ್ಲ. ಹನ್ನೆರಡು ಕೊಡವೂ ತುಂಬುತ್ತವೆ. ನೂರಾ ನಲವತ್ತು ಶರತ್ತು ಇದ್ದದ್ದು ಅದಕ್ಕಾಗಿ. ಅದೇ ಗೆಲ್ಲುವ ದಾರಿ. ನಾನು ಅದನ್ನೇ ಕಡಿದು ಕುದುರೆ ತಂದಿದ್ದೆ. ಇಂಥ ಮೋಟರುಗಳನ್ನು ನಾನೇ ಎಷ್ಟು ಸುತ್ತಿ ಕೊಟ್ಟಿದ್ದೇನೋ. ಎಲ್ಲಿಗೆ ಹಚ್ಚುತ್ತೀರಿ ಎಂದು ಯಾರನ್ನೂ ಕೇಳಿದವನಲ್ಲ.

ನಳ ಉಸಿರುಬಿಟ್ಟಿತು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಕಿವಿ ಹಚ್ಚಿದ್ದ ಮುದುಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಮೂರನೆಯ ಮನೆಯ ಗೇಟಿಗೆ ಹೋಗಿ ನಿಂತಳು. ಒಂದು ಮಾತನ್ನೂ ಆಡಲಿಲ್ಲ. ಮೋಟರಿನ ಸದ್ದು ಕೇಳಲಿಲ್ಲ. ನಾನು ಚೀಲದಿಂದ ವೈಂಡಿಂಗ್ ನೋಟ್‌ಬುಕ್ಕು ತೆಗೆದು ಬರೆದುಕೊಳ್ಳತೊಡಗಿದೆ: ಗಾಳಿ ಎಷ್ಟು ಹೊತ್ತು, ಕೆಂಪು ನೀರು ಎಷ್ಟು ಹೊತ್ತು, ಯಾರು ಯಾರ ಹಿಂದೆ.

ಹನ್ನೊಂದು ರವಿವಾರ ಹೋದೆ. ಅಕ್ಕಾರು ನೆನಪಿದ್ದದ್ದು ಹೇಳುತ್ತಿದ್ದರು, ನಾನು ಮೊದಲು ಬರೆದು ಆಮೇಲೆ ಕಟ್ಟುತ್ತಿದ್ದೆ. ಎಷ್ಟೋ ಅವರಿಗೇ ನೆನಪಿರಲಿಲ್ಲ. ಒಂದು ಮನೆಯ ಬಾಗಿಲಲ್ಲಿ ಬೆಕ್ಕು ಏನೋ ಮಾಡುತ್ತಿತ್ತು, ಏನೆಂದು ಕಡೆಯವರೆಗೂ ಹೊಳೆಯಲಿಲ್ಲ. ಬೆಕ್ಕನ್ನು ಸುಮ್ಮನೆ ಮಲಗಿಸಿದೆವು. ಮುಗಿದ ದಿನ ಅವರು ಒಬ್ಬರೇ ಕೂತು ಆಡಿದರು. ನಾನು ಹೊರಗೆ ಹೋಗಿ ಅವರ ಮನೆಯವರ ಗಾಡಿಯ ಹಾರ್ನ್ ರಿಪೇರಿ ಮಾಡಿದೆ, ಆಮೇಲೆ ಗೇಟಿನ ಕೊಂಡಿ. ಹೊರಗೆ ಬಂದು ಹೇಳಿದರು: "ಇದು ಅದಲ್ರಿ ಅಣ್ಣಾರ. ಆದ್ರ ಇರ್ಲಿ. ಇದೂ ಓಣಿನ."

ಅದು ಅದಲ್ಲ. ಆ ಮಾತು ಈಗಲೂ ಮೋಟರು ಕಡಿಯುವಾಗ ಬರುತ್ತದೆ. ಗುಂಪಿನ ಮುಂದಾಳ್ತನ ಬಿಡುತ್ತೇನೆ ಎಂದು ಬರೆದಿದ್ದೆ. "ಬಿಟ್ಟು ಓಡಿ ಹೋಗಾಕ ಇದೇನು ಒಂಬತ್ತನೇ ಕ್ಲಾಸ್ ಏನ್ರಿ, ಕುಂಡ್ರಿ" ಎಂದು ಔಷಧ ಅಂಗಡಿಯವನು ಉತ್ತರಿಸಿದ. ನಾನು ಶಾಲೆ ಬಿಟ್ಟದ್ದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಎಲ್ಲರಿಗೂ ಗೊತ್ತಿತ್ತಂತೆ. ಮೊದಲನೆಯ ನಿಯಮ ತೆಗೆದುಹಾಕಿದೆವು. ಎರಡನೆಯದು ಹಾಗೇ ಇದೆ, ಅದನ್ನು ಪಾಲಿಸಿದ್ದೇನೆಯೋ ಇಲ್ಲವೋ ಎಂದು ನೋಡುವ ಕೆಲಸ ಅಕ್ಕಾರದು.

ಈಗ ನನ್ನ ಬಳಿ ಇರುವುದು ಕಮರಿಪೇಟೆಯಲ್ಲಿ ಒಂದು ಅಂಗಡಿ, ತುಂಬಿದ ನೋಟ್‌ಬುಕ್ಕು ಹದಿನೇಳು, ಅರ್ಧ ತುಂಬಿದ್ದು ಒಂದು. ಗುಂಪಿನಲ್ಲಿ ನಲವತ್ತೊಂದು ಜನ. ಬಿಟ್ಟುಹೋದವರು ಇಪ್ಪತ್ತೆರಡು, ಅವರಲ್ಲಿ ಮರಳಿ ಬಂದವರು ಯಾರೂ ಇಲ್ಲ. ಮುಗಿದ ಸನ್ನಿವೇಶ ಹತ್ತೊಂಬತ್ತು, ಒಂದೊಂದಕ್ಕೂ ಮೂರು ಪ್ರತಿ. ನನ್ನವು ಆರು, ಅಕ್ಕಾರದು ಒಂದು. ಅದನ್ನು ನಾನು ಕಡೆಯವರೆಗೆ ಕೂತು ಆಡಿದ್ದು ನಾಲ್ಕು ಸಲ, ಗೆದ್ದದ್ದು ಎರಡು.