ಕಾವೇರಿಬಾಯಿಯ ಟ್ರಂಕ್ ಕಾಲ್

ಎದೆಯ ಗಡ್ಡೆಯ ಆಪರೇಶನ್ ಮಾಡಿಸಿಕೊಂಡು ಬಂದ ಹೆಂಗಸು ಡಾಕ್ಟರಿಗೆ ಎಷ್ಟು ನಾಜೂಕಾಗಿ ಸುಳ್ಳು ಹೇಳಬಲ್ಲಳೆಂದು ತಿಳಿಯಬೇಕಾದರೆ ಆದೋನಿಯ ನಮ್ಮ ಹತ್ತಿ ಅಂಗಡಿಗೆ ಬರಬೇಕು. ಓಣಿಗೆಲ್ಲ ಇರುವುದು ನಮ್ಮದೊಂದೇ ಫೋನು, ನಾನು ಅದರ ಪಕ್ಕ ಕೂಡುವ ಗುಮಾಸ್ತ. ತಿಂಗಳ ಮೊದಲ ಸೋಮವಾರ ಕಾವೇರಿಬಾಯಿ ಬಂದರೆಂದೇ ಲೆಕ್ಕ. ಚಪ್ಪಲಿ ಹೊರಗೆ ಬಿಟ್ಟು, ಬಳ್ಳಾರಿಯ ಡಾಕ್ಟರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿ, ಲೈನು ಸಿಗುವ ತನಕ ಎರಡು ತಾಸು ಹತ್ತಿ ಚೀಲದ ಮೇಲೆ ಕೂಡುತ್ತಾರೆ. ಡಾಕ್ಟರ ದನಿ ಬಂತೋ, ಎದ್ದು ನಿಂತು, ತಲೆ ಮೇಲೆ ಸೆರಗು ಹೊದ್ದು, ರಿಸೀವರಿಗೇ ನಮಸ್ಕಾರ ಮಾಡುತ್ತಾರೆ. ತಮ್ಮ ಹಸಿರು ಬಳೆಗಳ ಸದ್ದಿನಿಂದಲೇ ಡಾಕ್ಟರಿಗೆ ಗುರುತು ಸಿಗುತ್ತದೆಂದು ಅವರ ನಂಬಿಕೆ. ನೋವು ಇದೆಯೇ, ಕೈ ಬಾತಿದೆಯೇ, ಡಾಕ್ಟರು ಏನೇ ಕೇಳಲಿ, ಅಂಗಡಿಯ ಗಂಡಸರಿಗೆಲ್ಲ ಕೇಳುವಂತೆ ಒಂದೇ ಉತ್ತರ ಒದರುತ್ತಾರೆ: "ಆರಾಮ ಅದೀನ್ರಿ! ಏನೂ ಇಲ್ರಿ!" ಫೋನು ಇಟ್ಟ ಮೇಲೆ ನನಗೆ ಹೇಳುತ್ತಾರೆ: "ಸೇತುಮಾಧವ, ಇದು ಭಾಳ ಛಲೋ ನೋಡಪ್ಪಾ. ಅಲ್ಲಿ ಹೋದ್ರ ಸೆರಗು ತೆಗೀರಿ ಅಂತಾರ. ಇದು ಬರೇ ಮಾತು ಕೇಳ್ತೈತಿ." ಈ ಸೋಮವಾರ ಅವರ ಎಡಗೈ ಸೆರಗಿನಿಂದ ಹೊರಗೇ ಬರಲಿಲ್ಲ. ಬಲಗೈಯಲ್ಲಿ ರಿಸೀವರು ಹಿಡಿದು, ಬಳೆ ಸದ್ದಾಗಲೆಂದು ಆ ಕೈಯನ್ನೇ ಎರಡು ಸಲ ಅಲುಗಿಸಿ, "ಆರಾಮ ಅದೀನ್ರಿ" ಎಂದರು. "ಹಂಗಾದ್ರ ಬರೋದು ಬ್ಯಾಡ್ರಿ, ಮುಂದಿನ ತಿಂಗಳು ಫೋನ್ ಮಾಡ್ರಿ" ಎಂದ ಡಾಕ್ಟರ ದನಿ ನನಗೂ ಕೇಳಿಸಿತು. ಗೆದ್ದವರಂತೆ ಅವರು ನನ್ನ ಕಡೆ ತಿರುಗಿದಾಗ ಸೆರಗು ಜಾರಿತು. ಬಾತುಹೋದ ಎಡಗೈಯಲ್ಲಿ ಒಂದೂ ಬಳೆ ಇರಲಿಲ್ಲ. ಮುತ್ತೈದೆಯ ಕೈ ಬರಿದಾಗಬಾರದೆಂದು ಕಟ್ಟಿಕೊಂಡಿದ್ದ ಅರಿಸಿನದ ದಾರ ಮಾಂಸದೊಳಗೆ ಹೂತುಹೋಗಿತ್ತು.